‘ಯಾವ ಪಕ್ಷವೂ ಬೇಡ’ ಎಂದು ಗುರುತು ಹಾಕಿದ್ದು ತಪ್ಪಾಯಿತೇ?

ಪ್ರಶ್ನೆ: ನಾನು ತುಮಕೂರು ಕಡೆಯವನು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಹೊರವಲಯದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. 2023ರಲ್ಲಿ ಪೌರತ್ವ ಸಿಕ್ಕಿತು. ಮತದಾರರ ನೋಂದಣಿ ಅರ್ಜಿಯಲ್ಲಿ ಪಕ್ಷ ಯಾವುದು ಎಂಬಲ್ಲಿ ‘ಯಾವುದೂ ಇಲ್ಲ’ ಎಂದು ಗುರುತು ಹಾಕಿದೆ. ಯಾರ ಬಾಲವೂ ಆಗಬಾರದು ಎನ್ನುವುದು ನನ್ನ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ದಿನ ಮತಗಟ್ಟೆಗೆ ಹೋದರೆ ‘ನಿಮಗೆ ಬ್ಯಾಲೆಟ್ ಇಲ್ಲ’ ಎಂದು ವಾಪಸ್ ಕಳಿಸಿದರು. ನವೆಂಬರ್‌ನಲ್ಲಿ ನೋಡಿದರೆ ಅತ್ತ ದರಿ, ಇತ್ತ ಪುಲಿ. ಇಬ್ಬರಲ್ಲಿ ಒಬ್ಬರಂತೂ ಪ್ರೈಮರಿಗೇ ನಿಂತವರಲ್ಲ. ನನ್ನ ತೆರಿಗೆಯಲ್ಲಿ ನಡೆಯುವ ಚುನಾವಣೆಯಿಂದ ನನ್ನನ್ನೇ ಹೊರಗಿಡುವುದು ಕಾನೂನುಬದ್ಧವೇ? ಪಕ್ಷಕ್ಕೆ ಹೆಸರು ಬರೆಸಿದರೆ ನೌಕರಿಗೆ ತೊಂದರೆಯಾದೀತೇ? ಮೂರನೆಯವರಿಗೆ ಮತ ಹಾಕಿದರೆ ದಂಡವೇ? ಕರ್ನಾಟಕದಲ್ಲಿ ಮೂರು ಪಕ್ಷ ಇರುವಾಗ ಇಲ್ಲೇಕೆ ಎರಡೇ? ಎದುರು ಪಕ್ಷಕ್ಕೆ ಸೇರಿ ಅಲ್ಲಿನ ದುರ್ಬಲ ಅಭ್ಯರ್ಥಿಗೆ ಮತ ಹಾಕು ಎಂದು ಸ್ನೇಹಿತರೊಬ್ಬರ ಸಲಹೆ. ಕೊನೆಗೆ ಇನ್ನೊಂದು: ಹೆಂಡತಿಗೆ ಈಗ ಗ್ರೀನ್ ಕಾರ್ಡ್ ಬಂದಿದೆ. ಇಬ್ಬರ ಅರ್ಜಿಯನ್ನೂ ಒಟ್ಟಿಗೇ ತುಂಬಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಿಟ್ಟುಗಳು ಹೆಣೆದುಕೊಂಡಿವೆ. ಏಪ್ರಿಲ್‌ನಲ್ಲಿ ಬಾಗಿಲು ಹಾಕಿದ್ದು ಒಂದು, ನವೆಂಬರ್‌ನಲ್ಲಿ ಆಯ್ಕೆ ಕಿರಿದಾಗಿದ್ದು ಇನ್ನೊಂದು. ಮೊದಲನೆಯದಕ್ಕೆ ಹದಿನೈದು ನಿಮಿಷದ ಪರಿಹಾರವಿದೆ. ಎರಡನೆಯದಕ್ಕೆ ಹತ್ತಿರದಲ್ಲಿ ಪರಿಹಾರವಿಲ್ಲ.

ಮತಗಟ್ಟೆಯವರು ನಿಮ್ಮನ್ನು ತಡೆದದ್ದು ರಾಜ್ಯದ ಕಾನೂನಿನಂತೆ. ಪೆನ್ಸಿಲ್ವೇನಿಯಾದಲ್ಲಿರುವುದು ಮುಚ್ಚಿದ ಪ್ರೈಮರಿ: ಆಯಾ ಪಕ್ಷಕ್ಕೆ ಹೆಸರು ಬರೆಸಿದವರಿಗೆ ಮಾತ್ರ ಆ ಪಕ್ಷದ ಬ್ಯಾಲೆಟ್. ಡೆಲವೇರ್ ನದಿ ದಾಟಿ ನ್ಯೂಜೆರ್ಸಿಗೆ ಹೋಗಿ, ಅಲ್ಲಿನ ಪಕ್ಷರಹಿತ ಮತದಾರರನ್ನು ಕೇಳಿ ನೋಡಿ. ಅವರು ಪ್ರೈಮರಿ ದಿನವೇ ಮತಗಟ್ಟೆಯಲ್ಲಿ ಪಕ್ಷವೊಂದನ್ನು ಹೇಳಿ ಮತ ಹಾಕಬಹುದು. ವರ್ಜೀನಿಯಾ, ಟೆಕ್ಸಸ್, ಮಿಷಿಗನ್‌ಗಳಲ್ಲಿ ನೋಂದಣಿ ಅರ್ಜಿಯಲ್ಲಿ ಪಕ್ಷದ ಕಾಲಂ ಎಂಬುದೇ ಇಲ್ಲ. ಒಂದೇ ದೇಶ, ಐವತ್ತು ರಾಜ್ಯ, ಹತ್ತಾರು ಬಗೆಯ ನಿಯಮ. ಆದ್ದರಿಂದ ಬೇರೆ ರಾಜ್ಯದ ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ ಕೊಡುವ ಸಲಹೆ ನಿಮಗೆ ಹೊಂದುತ್ತದೆ ಅಂದುಕೊಳ್ಳಬೇಡಿ. ಇನ್ನೊಂದು ಮಾತು. ಪೆನ್ಸಿಲ್ವೇನಿಯಾದಲ್ಲೂ ಪ್ರೈಮರಿ ದಿನ ಸಂವಿಧಾನ ತಿದ್ದುಪಡಿಯ ಪ್ರಶ್ನೆಯೋ ಉಪಚುನಾವಣೆಯೋ ಇದ್ದರೆ ಪಕ್ಷರಹಿತರಿಗೂ ಅಷ್ಟರ ಮಟ್ಟಿಗೆ ಬ್ಯಾಲೆಟ್ ಕೊಡಲೇಬೇಕು. 2021ರ ಮೇ ತಿಂಗಳಲ್ಲಿ ಗವರ್ನರ್ ಅವರ ತುರ್ತು ಅಧಿಕಾರದ ತಿದ್ದುಪಡಿಗಳು ಜನರ ಮುಂದೆ ಬಂದದ್ದು ಹಾಗೆ.

ಪ್ರೈಮರಿ ಎಂದರೇನು ಎಂಬುದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಬಿ ಫಾರಂ ಕೊಡುವ ಕೆಲಸ ಹೈಕಮಾಂಡ್ ಕೈಯಿಂದ ಮತದಾರರ ಕೈಗೆ ಬಂದಿದೆ. ಕರ್ನಾಟಕದಲ್ಲಿ ಟಿಕೆಟ್ ಆಕಾಂಕ್ಷಿಗಳು ದೆಹಲಿ ವಿಮಾನ ಹತ್ತುತ್ತಾರೆ. ನಾಮಪತ್ರದ ಕೊನೆಯ ದಿನದ ಹಿಂದಿನ ರಾತ್ರಿವರೆಗೂ ಬಿ ಫಾರಂ ಯಾರ ಜೇಬಿನಲ್ಲಿದೆ ಎಂದು ಗೊತ್ತಾಗುವುದಿಲ್ಲ. ಅಮೆರಿಕದಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ವಿಸ್ಕಾನ್ಸಿನ್ ರಾಜ್ಯ 1903ರಲ್ಲಿ ನೇರ ಪ್ರೈಮರಿಯ ಕಾನೂನು ಮಾಡಿತು, ಉಳಿದ ರಾಜ್ಯಗಳು ಹಿಂಬಾಲಿಸಿದವು. ಅಧ್ಯಕ್ಷ ಸ್ಥಾನದ ಮಟ್ಟಿಗೆ ಮಾತ್ರ ಮುಖಂಡರ ಹಿಡಿತ ಇನ್ನೂ ಅರವತ್ತು ವರ್ಷ ಉಳಿಯಿತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅವರನ್ನು ಆರಿಸಿದ ಷಿಕಾಗೋದ ಪಕ್ಷ ಸಮಾವೇಶದ ಹೊರಗೆ ಬೀದಿಯಲ್ಲಿ ಗಲಭೆ ನಡೆಯಿತು. ಆ ಕಹಿಯಿಂದ ಹುಟ್ಟಿದ ಸುಧಾರಣೆಗಳೇ 1972ರಿಂದ ಈಗಿನ ಪದ್ಧತಿಯನ್ನು ತಂದವು.

ಭಾರತದಲ್ಲೂ ಇದನ್ನು ಒಮ್ಮೆ ಪ್ರಯೋಗಿಸಿದ್ದುಂಟು. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ‘ಪ್ರೈಮರಿ’ ನಡೆಸಿತು. ನಮ್ಮಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಪ್ರೈಮರಿ ಗೆದ್ದರು. ಇಬ್ಬರೂ ಚುನಾವಣೆ ಸೋತರು. ಆದರೆ ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಕಾರ್ಯಕರ್ತರು. ಅಮೆರಿಕದಲ್ಲಿ ಬ್ಯಾಲೆಟ್ ಮುದ್ರಿಸುವುದು, ಮತಗಟ್ಟೆ ನಡೆಸುವುದು, ಎಣಿಸುವುದು ಎಲ್ಲ ಸರ್ಕಾರ. ನಿಮ್ಮ ತೆರಿಗೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಕಾನೂನು ಏನೆನ್ನುತ್ತದೆ? ಅಮೆರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷ ಎಂಬ ಮಾತೇ ಇಲ್ಲ. ಎರಡು ಪಕ್ಷ ಇರಬೇಕೆಂದೂ ಇಲ್ಲ. ಸುಪ್ರೀಂ ಕೋರ್ಟ್ ಎರಡು ದಿಕ್ಕಿಗೆ ಎಳೆಯುವ ತೀರ್ಪುಗಳನ್ನು ಕೊಟ್ಟಿದೆ. 1944ರಲ್ಲಿ ಟೆಕ್ಸಸ್‌ನ ಬಿಳಿಯರಿಗಷ್ಟೇ ಮೀಸಲಾದ ಡೆಮಾಕ್ರಟಿಕ್ ಪ್ರೈಮರಿಯನ್ನು ರದ್ದು ಮಾಡಿತು: ಪ್ರೈಮರಿ ಚುನಾವಣೆಯ ಭಾಗವೇ, ಪಕ್ಷದ ಖಾಸಗಿ ಕೂಟವೆಂದು ಹೇಳಿ ಜನಾಂಗದ ಆಧಾರದ ಮೇಲೆ ಹೊರಗಿಡುವಂತಿಲ್ಲ. ಆದರೆ 2000ದಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣದಲ್ಲಿ, ಪಕ್ಷದ ಅಭ್ಯರ್ಥಿಯನ್ನು ಹೊರಗಿನವರಿಂದ ಆರಿಸುವಂತೆ ಸರ್ಕಾರ ಬಲವಂತ ಮಾಡಿದರೆ ಪಕ್ಷದ ಸಂಘಟನಾ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು. ಪಕ್ಷ ತಾನಾಗಿ ಪಕ್ಷರಹಿತರನ್ನು ಕರೆಯುವುದಾದರೆ ರಾಜ್ಯ ಅಡ್ಡ ಬರುವಂತಿಲ್ಲ ಎಂದೂ 1986ರಲ್ಲೇ ಹೇಳಿತ್ತು. ಒಟ್ಟಿನಲ್ಲಿ ಮುಚ್ಚಿದ ಪ್ರೈಮರಿ ಕಾನೂನುಬದ್ಧ. ತೆರಿಗೆಯ ವಾದ ನ್ಯಾಯವಾಗಿ ಕೇಳಿಸುತ್ತದೆ, ನನಗೂ ಹಾಗನ್ನಿಸುತ್ತದೆ. ಆದರೆ ಅದನ್ನು ನಂಬಿ ಕೋರ್ಟಿನ ಕಡೆ ನೋಡುತ್ತ ಕೂತರೆ ಇನ್ನೆಷ್ಟು ಪ್ರೈಮರಿ ತಪ್ಪುತ್ತದೋ.

ಪ್ರೈಮರಿಗೆ ನಿಲ್ಲದವರು ಅಭ್ಯರ್ಥಿಯಾದದ್ದು ಹೇಗೆ? ಅಧ್ಯಕ್ಷೀಯ ಪ್ರೈಮರಿಯಲ್ಲಿ ಕೊನೆಗೆ ಆಯ್ಕೆಯಾಗುವುದು ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು. 2024ರ ಜುಲೈ 21ರಂದು ಬೈಡನ್ ಹಿಂದೆ ಸರಿದಾಗ ಅವರ ಪರ ಆಯ್ಕೆಯಾಗಿದ್ದ ಪ್ರತಿನಿಧಿಗಳೇ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು. ನಿಯಮದ ಪ್ರಕಾರ ತಪ್ಪಿಲ್ಲ, ಮತದಾರನಿಗೆ ಹಿತವೂ ಅಲ್ಲ. ಅದಿರಲಿ, ಆ ವರ್ಷ ನೀವು ಏಪ್ರಿಲ್ 23ರಂದು ಒಳಗೆ ಹೋಗಿದ್ದರೂ ಅಧ್ಯಕ್ಷರ ಮಟ್ಟಿಗೆ ಏನೂ ಬದಲಾಗುತ್ತಿರಲಿಲ್ಲ. ಟ್ರಂಪ್ ಮತ್ತು ಬೈಡನ್ ಇಬ್ಬರೂ ಮಾರ್ಚ್ 12ಕ್ಕೇ ಬೇಕಾದಷ್ಟು ಪ್ರತಿನಿಧಿಗಳನ್ನು ಗಳಿಸಿ ಆಗಿತ್ತು. ಆದರೂ ಒಂದು ಸಂಗತಿ ಗಮನಿಸಿ. ಮಾರ್ಚ್ 6ರಂದೇ ಕಣ ಬಿಟ್ಟಿದ್ದ ನಿಕ್ಕಿ ಹೇಲಿ ಅವರಿಗೆ ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಅಷ್ಟೂ ಮಂದಿ ರಿಪಬ್ಲಿಕನ್ ಎಂದು ಹೆಸರು ಬರೆಸಿ, ಒಳಗೆ ಹೋಗಿ ಅಸಮಾಧಾನ ದಾಖಲಿಸಿದವರು. ನಿಮ್ಮ ಅಸಮಾಧಾನ ಎಲ್ಲೂ ದಾಖಲಾಗಲಿಲ್ಲ.

ಇನ್ನು ಎರಡೇ ಪಕ್ಷ ಏಕೆ ಎಂಬುದು. ಒಂದು ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ, ಹೆಚ್ಚು ಮತ ಬಂದವರು ಗೆದ್ದರು ಎಂಬ ನಿಯಮ ಇರುವ ಕಡೆ ಪೈಪೋಟಿ ಇಬ್ಬರಿಗೆ ಇಳಿಯುತ್ತದೆ. ‘ಭಾರತದಲ್ಲೂ ಅದೇ ನಿಯಮವಲ್ಲವೇ’ ಎಂದು ನೀವು ಕೇಳಬಹುದು. ಹೌದು. ಕರ್ನಾಟಕದಲ್ಲಿ ಮೂರು ಪಕ್ಷ ಕಂಡರೂ ಕ್ಷೇತ್ರದೊಳಗೆ ಇಳಿದು ನೋಡಿ: ಮಂಡ್ಯ, ಹಾಸನದಲ್ಲಿ ಬಹುಕಾಲ ಕಾಂಗ್ರೆಸ್ ಎದುರು ಜೆಡಿಎಸ್, ಕರಾವಳಿಯಲ್ಲಿ ಕಾಂಗ್ರೆಸ್ ಎದುರು ಬಿಜೆಪಿ. ಊರೂರಿಗೂ ಜೋಡಿ ಬೇರೆ, ಅದಕ್ಕೇ ವಿಧಾನಸಭೆಯಲ್ಲಿ ಮೂರು. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಇಡೀ ದೇಶವನ್ನು ಒಂದೇ ಜೋಡಿಗೆ ಕಟ್ಟಿಹಾಕುತ್ತದೆ. ಅಧ್ಯಕ್ಷರ ಆಯ್ಕೆಗೆ ರಾಜ್ಯಗಳಿಗೆ ಹಂಚಿದ 538 ಎಲೆಕ್ಟೋರಲ್ ಮತಗಳಲ್ಲಿ 270 ಬೇಕು, ಬಹುತೇಕ ರಾಜ್ಯಗಳಲ್ಲಿ ಮೊದಲು ಬಂದವರಿಗೇ ಅಷ್ಟೂ ಮತ. 1992ರಲ್ಲಿ ಪಕ್ಷೇತರ ಅಭ್ಯರ್ಥಿ ರಾಸ್ ಪೆರೋ ಸುಮಾರು ಶೇ 19 ಮತ ಪಡೆದರು. ಎಲೆಕ್ಟೋರಲ್ ಮತ ಸಿಕ್ಕಿದ್ದು ಸೊನ್ನೆ.

ಇದಕ್ಕಿಂತ ದೊಡ್ಡ ಕಾರಣ ಪ್ರೈಮರಿಯೇ ಎಂದು ನನ್ನ ಅಂದಾಜು. ಹೊರಗಿನಿಂದ ನೋಡುವವರು ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಹೈಕಮಾಂಡ್ ಮೇಲೆ ಮುನಿಸಿಕೊಂಡವರಿಗೆ ಇರುವ ದಾರಿ ಬಂಡಾಯ, ಇಲ್ಲವೇ ಹೊಸ ಪಕ್ಷ. ಯಡಿಯೂರಪ್ಪ 2012ರ ಕೊನೆಗೆ ಬಿಜೆಪಿ ಬಿಟ್ಟು ಕೆಜೆಪಿಗೆ ಹೋದರು. 2013ರಲ್ಲಿ ಕೆಜೆಪಿ ಶೇ 10ರ ಸಮೀಪ ಮತ ಪಡೆದು ಗೆದ್ದದ್ದು 6 ಸ್ಥಾನ. ಆದರೆ ಹಿಂದಿನ ಸಲ 110 ಗೆದ್ದಿದ್ದ ಬಿಜೆಪಿ 40ಕ್ಕೆ ಕುಸಿಯಿತು. ಅಮೆರಿಕದಲ್ಲಿ ಅಷ್ಟು ಶ್ರಮ ಬೇಕಿಲ್ಲ. ಪಕ್ಷದ ಮುಖಂಡರು ಬೇಡ ಎಂದರೂ ಪ್ರೈಮರಿಗೆ ನಿಂತು ಗೆದ್ದರೆ ಪಕ್ಷವೇ ನಿಮ್ಮದು. 2016ರಲ್ಲಿ ಟ್ರಂಪ್ ಮಾಡಿದ್ದು ಅದನ್ನೇ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಬರ್ನಿ ಸ್ಯಾಂಡರ್ಸ್ ಪ್ರಯತ್ನಿಸಿ ಸೋತದ್ದೂ ಅದನ್ನೇ. ಬಿ ಫಾರಂ ಬೀದಿಯಲ್ಲಿ ಸಿಗುವಾಗ ಹೊಸ ಪಕ್ಷ ಕಟ್ಟುವ ದರ್ದು ಯಾರಿಗೆ?

ಸೋತ ಮೇಲೆ ಬಂಡಾಯ ಏಳುವುದಕ್ಕೂ ಬೀಗ ಹಾಕಿದ್ದಾರೆ. ಪ್ರೈಮರಿಯಲ್ಲಿ ಸೋತವರು ಅದೇ ಹುದ್ದೆಗೆ ನವೆಂಬರ್‌ನಲ್ಲಿ ಪಕ್ಷೇತರರಾಗಿ ನಿಲ್ಲುವಂತಿಲ್ಲ ಎಂಬ ನಿಯಮ ಪೆನ್ಸಿಲ್ವೇನಿಯಾವೂ ಸೇರಿ ಬಹುತೇಕ ರಾಜ್ಯಗಳಲ್ಲಿದೆ. ಆ ಬೀಗವಿಲ್ಲದ ಕನೆಕ್ಟಿಕಟ್‌ನಲ್ಲಿ 2006ರಲ್ಲಿ ಸೆನೆಟರ್ ಜೋ ಲೀಬರ್ಮನ್ ಪ್ರೈಮರಿ ಸೋತು ನವೆಂಬರ್‌ನಲ್ಲಿ ಗೆದ್ದರು. 2010ರಲ್ಲಿ ಪ್ರೈಮರಿ ಸೋತ ಅಲಾಸ್ಕದ ಸೆನೆಟರ್ ಲೀಸಾ ಮರ್ಕೌಸ್ಕಿ ಅವರ ಹೆಸರನ್ನು ಮತದಾರರು ಕೈಯಾರೆ ಬ್ಯಾಲೆಟ್ ಮೇಲೆ ಬರೆದು ಗೆಲ್ಲಿಸಬೇಕಾಯಿತು. ಹೊಸಬರಿಗಂತೂ ಬ್ಯಾಲೆಟ್ ಹತ್ತುವುದೇ ಯಜ್ಞ: ನ್ಯೂಯಾರ್ಕ್‌ನಲ್ಲಿ ರಾಜ್ಯಮಟ್ಟದ ಹುದ್ದೆಗೆ ಸ್ವತಂತ್ರ ಅಭ್ಯರ್ಥಿ ಆರು ವಾರದಲ್ಲಿ 45,000 ಸಹಿ ತರಬೇಕು. 2020ಕ್ಕೆ ಮುಂಚೆ 15,000 ಸಾಕಿತ್ತು.

ಹಾಗಾದರೆ ಮೂರನೆಯವರಿಗೆ ಹಾಕಿದ ಮತ ದಂಡವೇ? ಫಲಿತಾಂಶ ಖಚಿತವಾಗಿರುವ ಕಡೆ ಅದು ಪ್ರತಿಭಟನೆಯ ಮತ, ನಷ್ಟವಿಲ್ಲ. ನೀವಿರುವುದು ಪೆನ್ಸಿಲ್ವೇನಿಯಾ. ಅಲ್ಲಿ 2016ರಲ್ಲೂ 2020ರಲ್ಲೂ ಗೆಲುವಿನ ಅಂತರ ಶೇ 1ರ ಆಸುಪಾಸು. 2000ದಲ್ಲಿ ಫ್ಲಾರಿಡಾದಲ್ಲಿ ಬುಷ್ ಗೆದ್ದದ್ದು 537 ಮತದಿಂದ, ಅದೇ ರಾಜ್ಯದಲ್ಲಿ ಮೂರನೇ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97,000ಕ್ಕೂ ಹೆಚ್ಚು. ಇಬ್ಬರಲ್ಲಿ ಯಾರು ಬಂದರೂ ನಿಮಗೆ ಒಂದೇ ಎಂದಾದರೆ ಹಾಕಿ. ಒಬ್ಬರು ಬರಲೇಬಾರದು ಎಂಬ ಭಾವನೆ ಒಳಗೆಲ್ಲೋ ಇದ್ದರೆ ಯೋಚಿಸಿ. ದೇಶದಲ್ಲಿ ಮೂರನೇ ಪಕ್ಷ ಬೇಕು ಎಂದವರು 2023ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 63. ಆದರೆ ಆ ಮೂರನೆಯದು ಹೇಗಿರಬೇಕು ಎಂಬುದರಲ್ಲಿ ಅವರೊಳಗೇ ಒಮ್ಮತವಿಲ್ಲ.

ಈಗ ನಿಮ್ಮ ಕೈಯಲ್ಲಿರುವುದಕ್ಕೆ ಬರೋಣ. ನವೆಂಬರ್‌ನಲ್ಲಿ ನಿಜವಾದ ಪೈಪೋಟಿ ಇರುವ ಸಂಸತ್ ಕೆಳಮನೆಯ ಕ್ಷೇತ್ರಗಳು 435ರಲ್ಲಿ ಹತ್ತನೇ ಒಂದು ಭಾಗವೂ ಇರುವುದು ಕಷ್ಟ. ಉಳಿದೆಡೆ ಪ್ರೈಮರಿ ಗೆದ್ದವರೇ ಗೆದ್ದಂತೆ. ಅಲ್ಲಿ ಮತ ಹಾಕುವವರು ಎಷ್ಟು ಮಂದಿ? 2022ರ ಪ್ರೈಮರಿಗಳಲ್ಲಿ ದೇಶದಾದ್ಯಂತ ಐವರಲ್ಲಿ ಒಬ್ಬರು. 2018ರಲ್ಲಿ ನ್ಯೂಯಾರ್ಕ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹೊಸಬರಾದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಹತ್ತು ಅವಧಿಯ ಸಂಸದರನ್ನು ಕೆಡವಿದಾಗ ಚಲಾಯಿತವಾದ ಒಟ್ಟು ಮತ 30,000ಕ್ಕೂ ಕಡಿಮೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನ ಕ್ಷೇತ್ರದಿಂದ ಸಂಸತ್ತಿಗೆ ಹೋದದ್ದೂ ಹೀಗೆಯೇ. ಆಗಸ್ಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಅಭ್ಯರ್ಥಿಗಳಿದ್ದರು, ಥಾಣೇದಾರ್ ಅವರಿಗೆ ಬಂದದ್ದು ಸುಮಾರು ಶೇ 28. ನವೆಂಬರ್‌ನಲ್ಲಿ ಶೇ 70 ದಾಟಿತು. ನೂರಕ್ಕೆ ಎಪ್ಪತ್ತೆರಡು ಮಂದಿ ಬೇರೆಯವರನ್ನು ಬಯಸಿದ್ದರು ಎಂದು ಗೊಣಗಬಹುದು. ಆ ಎಪ್ಪತ್ತೆರಡು ಎಂಟು ಪಾಲಾಗಿತ್ತು.

ಆದ್ದರಿಂದ ನನ್ನ ಸಲಹೆ ನೇರ: ಒಂದು ಪಕ್ಷಕ್ಕೆ ಹೆಸರು ಬರೆಸಿ. ಅದನ್ನು ದೀಕ್ಷೆ ಎಂದುಕೊಳ್ಳಬೇಡಿ, ಪ್ರವೇಶ ಚೀಟಿ ಎಂದುಕೊಳ್ಳಿ. ಚಂದಾ ಇಲ್ಲ, ಸಭೆ ಇಲ್ಲ, ಪ್ರತಿಜ್ಞೆ ಇಲ್ಲ. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಮತ ಹಾಕಬಹುದು. ಪ್ರೈಮರಿ ಮುಗಿದ ಮರುದಿನವೇ ಮತ್ತೆ ‘ಯಾವುದೂ ಇಲ್ಲ’ ಎಂದು ಬದಲಿಸಬಹುದು. ಯಾವ ಪಕ್ಷ? ನಿಮಗೆ ಇಷ್ಟವಾದದ್ದು ಅನ್ನುವುದಕ್ಕಿಂತ, ನಿಮ್ಮ ಕ್ಷೇತ್ರದಲ್ಲಿ ಯಾವ ಪಕ್ಷದ ಪ್ರೈಮರಿಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಿಂತಿದ್ದಾರೆ, ಅಲ್ಲಿ ಗೆದ್ದವರು ಮುಂದೆಯೂ ಗೆಲ್ಲುತ್ತಾರಾ ಎಂದು ನೋಡಿ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಚುನಾವಣಾ ಕಚೇರಿ ಪ್ರೈಮರಿಗೆ ಮೊದಲೇ ಮಾದರಿ ಬ್ಯಾಲೆಟ್ ಹಾಕಿರುತ್ತದೆ. ಎರಡೂ ಪಕ್ಷದ್ದನ್ನು ಪಕ್ಕಪಕ್ಕ ಇಟ್ಟುಕೊಂಡು ಹತ್ತು ನಿಮಿಷ ಕೂತರೆ ಗೊತ್ತಾಗಿಬಿಡುತ್ತದೆ. ಒಂದೇ ಹೆಸರಿರುವ ಸಾಲುಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಎಣಿಸಿ.

ಬೆಸ ವರ್ಷದ ಮೇ ತಿಂಗಳ ಪ್ರೈಮರಿಯನ್ನು ಮಾತ್ರ ಬಿಡಬೇಡಿ. ಅದರಲ್ಲಿ ಶಾಲಾ ಮಂಡಳಿ ಇರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಶಾಲಾ ಮಂಡಳಿಯ ಅಭ್ಯರ್ಥಿಗಳು ಎರಡೂ ಪಕ್ಷಗಳ ಪ್ರೈಮರಿಯಲ್ಲಿ ಒಟ್ಟಿಗೆ ನಿಲ್ಲಬಹುದು. ಎರಡರಲ್ಲೂ ಗೆದ್ದರೆ ನವೆಂಬರ್ ಬ್ಯಾಲೆಟ್‌ನಲ್ಲಿ ಎರಡೂ ಕಡೆ ಅದೇ ಹೆಸರು. ಮಕ್ಕಳ ಶಾಲೆಯ ಪಠ್ಯ, ಆಸ್ತಿ ತೆರಿಗೆ ಎಲ್ಲ ತೀರ್ಮಾನಿಸುವವರು ಮೇನಲ್ಲೇ ಆಯ್ಕೆಯಾಗಿಬಿಟ್ಟಿರುತ್ತಾರೆ. ಅವರ ನಾಮಪತ್ರಕ್ಕೆ ಬೇಕಿರುವುದು ಸಾಮಾನ್ಯವಾಗಿ ಹತ್ತು ಸಹಿ. ಸಹಿ ಹಾಕುವವರು ಆಯಾ ಪಕ್ಷಕ್ಕೆ ಹೆಸರು ಬರೆಸಿದವರೇ ಆಗಿರಬೇಕು. ಈಗಿನ ಸ್ಥಿತಿಯಲ್ಲಿ ನಿಮ್ಮ ಸಹಿ ಅಸಿಂಧು.

ಬದಲಾವಣೆಗೆ ಹೊಸ ನೋಂದಣಿಯ ಅರ್ಜಿಯೇ ಸಾಕು, ಅದರಲ್ಲಿ ‘ಪಕ್ಷ ಬದಲಾವಣೆ’ ಎಂಬಲ್ಲಿ ಗುರುತು ಹಾಕಿ. ಚಾಲನಾ ಪರವಾನಗಿ ಸಂಖ್ಯೆ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ. ಪ್ರೈಮರಿಗೆ 15 ದಿನ ಮೊದಲು ಅದು ಕಚೇರಿಗೆ ತಲುಪಿರಬೇಕು. ಅಂಚೆಗೆ ಹಾಕಿದ ದಿನಾಂಕ ಲೆಕ್ಕಕ್ಕಿಲ್ಲ. ಕೆಲವು ವಾರದಲ್ಲಿ ಹೊಸ ಮತದಾರರ ಚೀಟಿ ಬರುತ್ತದೆ, ಅದರಲ್ಲಿ ಪಕ್ಷ ಸರಿಯಾಗಿದೆಯೇ ನೋಡಿ. ಮುಂದೆ ನ್ಯೂಯಾರ್ಕ್‌ಗೆ ಮನೆ ಬದಲಿಸಿದರೆ ಎಚ್ಚರ, ಅಲ್ಲಿ ಜೂನ್ ಪ್ರೈಮರಿಗೆ ಪಕ್ಷ ಬದಲಿಸುವ ಗಡುವು ಫೆಬ್ರುವರಿ 14. ಮೊದಲು ಇನ್ನೂ ಕಠಿಣವಾಗಿತ್ತು: 2016ರ ಏಪ್ರಿಲ್ ಪ್ರೈಮರಿಗೆ ಹಿಂದಿನ ಅಕ್ಟೋಬರ್‌ನಲ್ಲೇ ಬದಲಿಸಬೇಕಿತ್ತು. ಟ್ರಂಪ್ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಗಡುವು ತಪ್ಪಿಸಿಕೊಂಡು ಅಪ್ಪನಿಗೇ ಮತ ಹಾಕಲಾಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ಗುಂಡಿ: ಅಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಎಂಬ ಬಲಪಂಥೀಯ ಪಕ್ಷವೇ ಒಂದಿದೆ. ಸ್ವತಂತ್ರ ಮತದಾರ ಎಂದರ್ಥ ಎಂದುಕೊಂಡು ಗುರುತು ಹಾಕಿದವರು ಬಹಳ.

ತೊಂದರೆಗಳೂ ಇವೆ. ನಿಮ್ಮ ಹೆಸರು, ವಿಳಾಸ, ಪಕ್ಷ, ಯಾವ್ಯಾವ ಚುನಾವಣೆಯಲ್ಲಿ ಮತ ಹಾಕಿದಿರಿ ಎಂಬುದು ಸಾರ್ವಜನಿಕ ದಾಖಲೆ. ಪೆನ್ಸಿಲ್ವೇನಿಯಾದ ಪೂರ್ತಿ ಪಟ್ಟಿ 20 ಡಾಲರ್‌ಗೆ ಸಿಗುತ್ತದೆ. ಯಾರಿಗೆ ಹಾಕಿದಿರಿ ಎಂಬುದು ಮಾತ್ರ ಗುಟ್ಟು. ಪ್ರಚಾರದ ಕರೆ, ಸಂದೇಶ, ಕಾಗದಗಳ ಹಾವಳಿ ಖಂಡಿತ ಹೆಚ್ಚುತ್ತದೆ. ನೌಕರಿಯ ಮಾತಿಗೆ ಬಂದರೆ, ಕೇಂದ್ರ ಸರ್ಕಾರದ ನೌಕರರಿಗೂ ಪಕ್ಷಕ್ಕೆ ಹೆಸರು ಬರೆಸಲು ಅಡ್ಡಿಯಿಲ್ಲ. ಇನ್ನೊಂದು ನಷ್ಟವೆಂದರೆ ಒಂದು ಪಕ್ಷದ ಬ್ಯಾಲೆಟ್ ಹಿಡಿದರೆ ಆ ದಿನ ಇನ್ನೊಂದು ಪಕ್ಷದ ಎಲ್ಲ ಸ್ಪರ್ಧೆಗಳೂ ಕೈಬಿಟ್ಟಂತೆ. ನಿಮ್ಮ ಸ್ನೇಹಿತರ ಉಪಾಯ ಕಾನೂನುಬಾಹಿರವಲ್ಲ, ಆದರೆ ದಡ್ಡತನ. ದುರ್ಬಲ ಎಂದು ನೀವು ಆರಿಸಿದವರೇ ನವೆಂಬರ್‌ನಲ್ಲಿ ಗೆದ್ದು ಕೂತರೆ?

ನಿಯಮವನ್ನೇ ಬದಲಿಸುವ ದಾರಿಗಳ ಬಗ್ಗೆ ಚುಟುಕಾಗಿ. ಕ್ಯಾಲಿಫೋರ್ನಿಯಾ 2010ರಲ್ಲಿ ಜನಮತದ ಮೂಲಕ ಎಲ್ಲರಿಗೂ ಒಂದೇ ಪ್ರೈಮರಿ, ಮೊದಲ ಇಬ್ಬರು ನವೆಂಬರ್‌ಗೆ ಎಂಬ ಪದ್ಧತಿ ತಂದಿತು. 2012ರಲ್ಲೇ ಅದರ ಹುಳುಕು ಕಂಡಿತು: ಡೆಮಾಕ್ರಟಿಕ್ ಒಲವಿನ 31ನೇ ಕ್ಷೇತ್ರದಲ್ಲಿ ನಾಲ್ವರು ಡೆಮಾಕ್ರಟರು ಮತ ಹಂಚಿಕೊಂಡು, ಇಬ್ಬರು ರಿಪಬ್ಲಿಕನ್ನರೇ ಅಂತಿಮಕ್ಕೆ ಹೋದರು. ಅಲಾಸ್ಕ 2022ರಿಂದ ಮೊದಲ ನಾಲ್ವರನ್ನು ಕಳಿಸಿ, ನವೆಂಬರ್‌ನಲ್ಲಿ ಮತದಾರರು ಒಂದು, ಎರಡು, ಮೂರು ಎಂದು ಕ್ರಮ ಹಾಕುವ ಪದ್ಧತಿ ಮಾಡಿದೆ. ನನಗೆ ಹೆಚ್ಚು ಹಿಡಿಸುವುದು ಇದು. ಆದರೆ 2024ರಲ್ಲಿ ಅಲ್ಲೇ ಅದನ್ನು ರದ್ದು ಮಾಡುವ ಪ್ರಸ್ತಾಪ ಸೋತದ್ದು ಸಾವಿರಕ್ಕೂ ಕಡಿಮೆ ಮತದಿಂದ. ಅದೇ ದಿನ ನೆವಾಡಾ, ಕೊಲರಾಡೊ, ಇಡಾಹೊ ಮತದಾರರು ಇಂಥದ್ದೇ ಸುಧಾರಣೆಗಳನ್ನು ತಳ್ಳಿಹಾಕಿದರು. ಪ್ರೈಮರಿ ತೆರೆದರೆ ಸೌಮ್ಯರು ಗೆಲ್ಲುತ್ತಾರೆ ಎಂಬ ನಂಬಿಕೆಗೂ ಅಧ್ಯಯನಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಜನರೇ ಸಹಿ ಸಂಗ್ರಹಿಸಿ ಕಾನೂನು ತರುವ ಅವಕಾಶವಿಲ್ಲ. ರಾಜಧಾನಿ ಹ್ಯಾರಿಸ್‌ಬರ್ಗ್‌ನ ಶಾಸಕರೇ ತರಬೇಕು, ಮತ್ತು ಆ ಶಾಸಕರು ಆಯ್ಕೆಯಾಗಿ ಬಂದದ್ದು ಮುಚ್ಚಿದ ಪ್ರೈಮರಿಯಿಂದಲೇ.

ಕೊನೆಯ ಪ್ರಶ್ನೆಗೆ ಎಲ್ಲಕ್ಕಿಂತ ಖಡಾಖಂಡಿತ ಉತ್ತರ: ಬೇಡ. ಗ್ರೀನ್ ಕಾರ್ಡ್ ಇರುವವರು ಈ ಅರ್ಜಿ ತುಂಬಲೇಬಾರದು. ಪೌರರಲ್ಲದವರು ಅಧ್ಯಕ್ಷ, ಸಂಸತ್ತಿನ ಚುನಾವಣೆಗಳಲ್ಲಿ ಮತ ಹಾಕುವುದು ಕೇಂದ್ರದ ಕಾನೂನಿನಲ್ಲಿ ಅಪರಾಧ, ಗಡೀಪಾರಿಗೂ ಕಾರಣವಾಗಬಹುದು. ಮತ ಹಾಕದೆ ಬರೀ ನೋಂದಾಯಿಸಿಕೊಂಡಿದ್ದರೂ ತೊಡಕೇ. ಮುಂದೆ ಅವರು ಪೌರತ್ವಕ್ಕೆ ಎನ್-400 ಅರ್ಜಿ ಹಾಕುವಾಗ, ಎಂದಾದರೂ ನೋಂದಾಯಿಸಿದ್ದಿರಾ, ಮತ ಹಾಕಿದ್ದಿರಾ ಎಂಬ ಪ್ರಶ್ನೆ ಅದರಲ್ಲೇ ಇದೆ. ಚಾಲನಾ ಪರವಾನಗಿ ನವೀಕರಿಸುವಾಗ ಕೌಂಟರಿನ ಪರದೆ ಮೇಲೆ ‘ಮತದಾರರಾಗಿ ನೋಂದಾಯಿಸಬೇಕೇ’ ಎಂದು ಕೇಳಿದರೆ ಅವರು ‘ಬೇಡ’ ಎಂದೇ ಒತ್ತಬೇಕು. ಒತ್ತಿದ್ದು ತಪ್ಪಾಗಿದೆ ಅನ್ನಿಸಿದರೆ, ಇಲ್ಲವೇ ಮನೆಗೆ ಮತದಾರರ ಚೀಟಿ ಬಂದೇ ಬಿಟ್ಟರೆ, ಮತಗಟ್ಟೆಯ ಕಡೆ ಹೋಗದೆ ಮೊದಲು ವಲಸೆ ವಕೀಲರನ್ನು ಕಾಣಿ. ನೋಂದಣಿ ರದ್ದು ಮಾಡಿಸುವ ಪತ್ರವನ್ನೂ ಅವರನ್ನು ಕೇಳಿಯೇ ಬರೆಯಿರಿ.